ಸಬ್ಸಿಡಿ ಪಟ್ಟಿಯಲ್ಲಿ ಹೆಸರು ಒಬ್ಬರದು, ದುಡ್ಡು ಯಾರದು?

ಅಮೆರಿಕದ ಅಯೋವಾ ರಾಜ್ಯದಲ್ಲಿ 99 ಕೌಂಟಿಗಳಿವೆ. ಒಂದೊಂದೂ ನಮ್ಮ ಕಡೆಯ ದೊಡ್ಡ ತಾಲ್ಲೂಕಿನಷ್ಟು. ಯಾವ ಕೌಂಟಿಯಲ್ಲಿ ಯಾರಿಗೆ ಎಷ್ಟು ಕೃಷಿ ಸಬ್ಸಿಡಿ ಹೋಯಿತು ಅನ್ನುವ ಪಟ್ಟಿ 1995ರಿಂದೀಚೆಗೆ ಹೆಸರು ಸಮೇತ ಸಿಗುತ್ತದೆ. ನಾನು ಇಲ್ಲಿ ರೈತರ ತೆರಿಗೆ ಲೆಕ್ಕ ಬರೆಯುವವನು. ಪಕ್ಕದ ಮನೆಯವನಿಗೆ ಎಷ್ಟು ಬಂತು ಅಂತ ಕದ್ದು ನೋಡದವರು ಕಡಿಮೆ, ನೋಡಿ ಸರಿಯಾಗಿ ಅರ್ಥಮಾಡಿಕೊಂಡವರು ಇನ್ನೂ ಕಡಿಮೆ.

ಮೊದಲನೆಯದು, ಇದರಲ್ಲಿ ಮುಖ್ಯ ಯೋಜನೆಗಳ ದುಡ್ಡಿಗೂ ಆ ವರ್ಷ ಹೊಲದಲ್ಲಿ ಬೆಳೆದಿದ್ದಕ್ಕೂ ನೇರ ಸಂಬಂಧವಿಲ್ಲ. ಹೊಲಕ್ಕೆ 'ಬೇಸ್ ಎಕರೆ' ಅಂತ ಒಂದು ಹಳೆಯ ಲೆಕ್ಕ ಅಂಟಿಕೊಂಡಿರುತ್ತದೆ. ಹಿಂದೆ ಯಾವ ಬೆಳೆ ಎಷ್ಟು ಬಿತ್ತಿದ್ದರು ಅನ್ನುವುದರ ಮೇಲೆ ಗೊತ್ತಾದ ಲೆಕ್ಕ ಅದು. ಈಗ ಪೂರ್ತಿ ಸೋಯಾ ಹಾಕಿದ್ದರೂ ಮೆಕ್ಕೆಜೋಳದ ಬೇಸ್‌ಗೆ ದುಡ್ಡು ಬರಬಹುದು. ಅದೂ ಬೇಸ್‌ನ ಶೇ 85ರಷ್ಟಕ್ಕೆ ಮಾತ್ರ.

2014ರ ಕಾನೂನಿನಲ್ಲಿ ಬಂದ ಎರಡು ಯೋಜನೆಗಳಲ್ಲಿ ಒಂದು ಬೆಲೆಯನ್ನಷ್ಟೇ ನೋಡುತ್ತದೆ. ಇನ್ನೊಂದರಲ್ಲಿ ಹೆಚ್ಚಿನವರು ಆರಿಸುವುದು ಕೌಂಟಿ ಲೆಕ್ಕವನ್ನು. ಅದು ಇಡೀ ಕೌಂಟಿಯ ಸರಾಸರಿ ಇಳುವರಿಯನ್ನೂ ದೇಶದ ಸರಾಸರಿ ಬೆಲೆಯನ್ನೂ ನೋಡುತ್ತದೆ. ಆಲಿಕಲ್ಲು ಬಿದ್ದು ನಿಮ್ಮ ಮೆಕ್ಕೆಜೋಳ ನೆಲಕ್ಕೆ ಮಲಗಿತು ಅಂದುಕೊಳ್ಳಿ. ಉಳಿದವರಿಗೆಲ್ಲ ಚೆನ್ನಾಗಿ ಬಂದಿದ್ದರೆ ನಿಮಗೆ ಸೊನ್ನೆ. ನಿಮಗೆ ಭರ್ಜರಿ ಬೆಳೆ ಬಂದು ಕೌಂಟಿ ಸೊರಗಿದ್ದರೆ ನಿಮಗೂ ಚೆಕ್! ದುಡ್ಡು ಬರುವುದು ಕಟಾವಿನ ಮುಂದಿನ ವರ್ಷದ ಅಕ್ಟೋಬರ್‌ನಲ್ಲಿ. ಹಾಗಾಗಿ ಪಟ್ಟಿಯ ಇಸವಿ ನೋಡಿ 'ಆ ವರ್ಷ ಇವನಿಗೆ ನಷ್ಟವಾಗಿತ್ತು' ಅನ್ನುವ ಮಾತಿಗೆ ಅರ್ಥವಿಲ್ಲ.

ಇನ್ನು ಹೆಸರಿನ ವಿಷಯ. ಅಮೆರಿಕದ ಕೃಷಿ ಭೂಮಿಯಲ್ಲಿ ಸುಮಾರು ಶೇ 40 ಗುತ್ತಿಗೆಗೆ ಹೋಗಿದೆ. ನಗದು ಗುತ್ತಿಗೆಯಾದರೆ ಬೆಳೆಯ ರಿಸ್ಕ್ ಪೂರ್ತಿ ಸಾಗುವಳಿ ಮಾಡುವವನದು, ಸಬ್ಸಿಡಿಯೂ ಅವನ ಹೆಸರಿಗೇ. ಪಾಲಿಗೆ ಕೊಟ್ಟಿದ್ದರೆ ಇಬ್ಬರಿಗೂ ಪಾಲಿನ ಪ್ರಕಾರ. ಕೇಳೋಕೆ ನ್ಯಾಯವಾಗಿಯೇ ಇದೆ, ಅಲ್ವಾ? ಆದರೆ ಒಡೆಯನಿಗೂ ಸಬ್ಸಿಡಿ ಬರುವುದು ಗೊತ್ತು. ಅಯೋವಾದಲ್ಲಿ ಗುತ್ತಿಗೆ ನಿಲ್ಲಿಸಬೇಕಾದರೆ ಸೆಪ್ಟೆಂಬರ್ 1ರೊಳಗೆ ನೋಟಿಸ್ ಕೊಡಬೇಕು. ಬಿಡಿಸುವ ಮನಸ್ಸಿಲ್ಲದಿದ್ದರೂ ದರ ಮಾತಾಡೋಕೆ ಸುಮ್ನೆ ಒಂದು ನೋಟಿಸ್ ಕಳಿಸುವ ಒಡೆಯರಿದ್ದಾರೆ. ಮರುವರ್ಷ ಎಕರೆಗೆ ಇಷ್ಟು ಡಾಲರ್ ಜಾಸ್ತಿ. ಪಟ್ಟಿಯಲ್ಲಿ ಹೆಸರು ಗುತ್ತಿಗೆದಾರನದು, ಆದರೆ ದುಡ್ಡಿನ ಒಂದು ಪಾಲು ಪೇಟೆಯಲ್ಲಿ ಕೂತ ಒಡೆಯನ ಕಿಸೆಗೆ.

ನಮ್ಮಲ್ಲಿ ಇದರ ಉಲ್ಟಾ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಪಹಣಿಯಲ್ಲಿ ಹೆಸರಿರುವವರ ಖಾತೆಗೆ ಹೋಗುತ್ತದೆ. ಬಾಯಿಮಾತಿನಲ್ಲಿ ಹೊಲ ಮಾಡುವವನಿಗೆ ಏನೂ ಇಲ್ಲ. ಕಾಗದದ ಮೇಲೆ ಅಮೆರಿಕದ ನಿಯಮವೇ ಉಳುವವನ ಪರ. ಆದರೆ ಗುತ್ತಿಗೆ ದರಕ್ಕೆ ಕಡಿವಾಣವಿಲ್ಲದಿದ್ದರೆ ಆ ನಿಯಮ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ದೊಡ್ಡ ಮೊತ್ತ ಕಂಡರೆ ಮೋಸ ಅಂದುಕೊಳ್ಳುವವರೂ ಇದ್ದಾರೆ. ಬಹುಕಾಲ ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಮಿತಿ ಇತ್ತು. 2025ರ ಕಾನೂನು ಅದನ್ನು 1,55,000ಕ್ಕೆ ಏರಿಸಿತು. ಹೆಂಡತಿಗೆ ಬೇರೆ ಮಿತಿ ಸಿಗುತ್ತದೆ. ಪಾಲುದಾರಿಕೆ ಮಾಡಿಕೊಂಡರೆ ಅರ್ಹ ಪಾಲುದಾರರಿಗೆಲ್ಲ ತಲೆಗೊಂದು ಮಿತಿ. ಎಲ್ಲವೂ ಕಾನೂನಿನೊಳಗೇ. ಅಣ್ಣತಮ್ಮಂದಿರು ಸೇರಿ ಪಾಲುದಾರಿಕೆಯ ಪತ್ರ ಬರೆಸಲು ಬರುವುದು ನನ್ನಂಥವರ ಹತ್ತಿರವೇ.

ಬೆಳೆ ವಿಮೆಯ ಕಂತಿನಲ್ಲಿ ಸರಾಸರಿ ಶೇ 60ರಷ್ಟನ್ನು ಸರ್ಕಾರವೇ ಕಟ್ಟುತ್ತದೆ. ಅದೂ ಸಬ್ಸಿಡಿಯೇ, ದೊಡ್ಡ ಸಬ್ಸಿಡಿ. ಅದಕ್ಕೆ ತಲೆಗಿಷ್ಟು ಅನ್ನುವ ಮಿತಿಯಿಲ್ಲ. ಅದನ್ನು ಪಡೆದವರ ಹೆಸರು ಹೊರಗೆ ಬಿಡುವಂತಿಲ್ಲ ಅಂತ ಕಾನೂನೇ ಇದೆ. ಹಾಗಾಗಿ ಅದು ಈ ಪಟ್ಟಿಯಲ್ಲಿ ಹುಡುಕಿದರೂ ಸಿಗುವುದಿಲ್ಲ.