ಒಂದೇ ಹಾಡು, ಎರಡು ಹಕ್ಕು: ರಾಯಲ್ಟಿ ಜಗಳದ ಹಿನ್ನೆಲೆ

ಕಾನೂನಿನ ಕಣ್ಣಿಗೆ ಒಂದು ಹಾಡು ಒಂದೇ ಆಸ್ತಿಯಲ್ಲ, ಎರಡು. ಸಾಹಿತ್ಯ ಮತ್ತು ರಾಗ ಸಂಯೋಜನೆಯದು ಒಂದು ಹಕ್ಕು, ಅದನ್ನು ಹಾಡಿ ನುಡಿಸಿ ದಾಖಲಿಸಿದ ಧ್ವನಿಮುದ್ರಣದ್ದು ಇನ್ನೊಂದು. ಮೊದಲನೆಯದು ಸಾಮಾನ್ಯವಾಗಿ ಗೀತರಚನಕಾರ, ಸಂಯೋಜಕ ಮತ್ತು ಅವರ ಪ್ರಕಾಶಕರ ಕೈಯಲ್ಲಿರುತ್ತದೆ. ಎರಡನೆಯದು ಬಹುಪಾಲು ಧ್ವನಿಮುದ್ರಣ ಕಂಪನಿಯದು. ಹಾಡು ಬಳಕೆಯಾದಾಗ ಹಕ್ಕುದಾರರಿಗೆ ಸಲ್ಲಬೇಕಾದ ಹಣವೇ ರಾಯಲ್ಟಿ. ಇಂದು ನಡೆಯುತ್ತಿರುವ ರಾಯಲ್ಟಿ ಜಗಳಗಳು ಅರ್ಥವಾಗಬೇಕಾದರೆ ಇಲ್ಲಿಂದಲೇ ಶುರುಮಾಡಬೇಕು.

ಈ ಗೋಜಲು ಇಂಟರ್ನೆಟ್ ತಂದದ್ದಲ್ಲ. ತಾನೇ ನುಡಿಯುವ ಪಿಯಾನೊಗೆ ಹಾಕುವ ತೂತಿನ ಕಾಗದದ ಸುರುಳಿಯನ್ನು ಮನುಷ್ಯರು ಓದಲಾರರು, ಹಾಗಾಗಿ ಅದು ಸಂಗೀತದ ಪ್ರತಿಯೇ ಅಲ್ಲ ಎಂದು 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿತ್ತು. ಮರುವರ್ಷವೇ ಹೊಸ ಕಾಯ್ದೆ ಬಂದು, ತಯಾರಾದ ಒಂದೊಂದು ಪ್ರತಿಗೂ ಸಂಯೋಜನೆಯ ಹಕ್ಕುದಾರರಿಗೆ 2 ಸೆಂಟ್ ಕೊಡಿಸಿತು. ಆ 2 ಸೆಂಟ್ 1978ರ ತನಕ ಕದಲಲಿಲ್ಲ. ಗ್ರಾಮಫೋನು, ರೇಡಿಯೊ, ಕ್ಯಾಸೆಟ್ ಒಂದರ ಹಿಂದೆ ಒಂದು ಬಂದವು. ಪ್ರತಿ ಸಲವೂ ಯಂತ್ರ ಮೊದಲು, ಕಾನೂನು ಆಮೇಲೆ.

1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗ ಹಾಡು ಅಂಕಿಗಳಾಯಿತು. ತೊಂಬತ್ತರ ದಶಕದಲ್ಲಿ ಎಂಪಿ3 ಆ ಅಂಕಿಗಳನ್ನು ಕುಗ್ಗಿಸಿತು. 1999ರಲ್ಲಿ, ಜನ ಇಂಟರ್ನೆಟ್‌ನಲ್ಲಿ ಹಾಡಿನ ಕಡತಗಳನ್ನು ಪುಕ್ಕಟೆಯಾಗಿ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂತು, ಅದೇ ವರ್ಷ ದಾವೆ ಬಿತ್ತು, 2001ರಲ್ಲಿ ಅದು ಬಾಗಿಲು ಮುಚ್ಚಿತು. 2003ರಿಂದ ಐದು ವರ್ಷ ಅಮೆರಿಕದಲ್ಲಿ ಸಾವಿರಾರು ಸಾಮಾನ್ಯ ಕೇಳುಗರ ಮೇಲೂ ಕೇಸು ಹಾಕಲಾಯಿತು. ಆಗಿನ ಚರ್ಚೆಯೆಲ್ಲ ಕಳ್ಳತನದ ಸುತ್ತಲೇ ಗಿರಕಿ ಹೊಡೆಯಿತು. ಹಾಡು ಕಟ್ಟಿದವರ ಕರಾರುಪತ್ರದಲ್ಲಿ ಏನು ಬರೆದಿದೆ ಎಂದು ಕೇಳಿದವರು ಕಡಿಮೆ.

ಆ ಪ್ರಶ್ನೆಗೂ ಕೋರ್ಟೇ ಬೇಕಾಯಿತು. 2003ರಲ್ಲಿ ಆಪಲ್ ಕಂಪನಿ ಐಟ್ಯೂನ್ಸ್ ಎಂಬ ಆನ್‌ಲೈನ್ ಹಾಡಿನ ಅಂಗಡಿ ತೆರೆದು ಒಂದು ಹಾಡಿಗೆ 99 ಸೆಂಟ್ ಇಟ್ಟಿತು. ಹೀಗೆ ಡೌನ್‌ಲೋಡ್ ಆದದ್ದು ಮಾರಾಟವೋ, ಧ್ವನಿಮುದ್ರಣ ಬಳಸಲು ಅಂಗಡಿಗೆ ಕೊಟ್ಟ ಪರವಾನಗಿಯೋ? ಹಳೆಯ ಕರಾರುಗಳಲ್ಲಿ ಮಾರಾಟದ ಪಾಲು ಚಿಕ್ಕದು, ಪರವಾನಗಿಯದು ದೊಡ್ಡದು. ಅಮೆರಿಕದ ರ‍್ಯಾಪ್ ಗಾಯಕ ಎಮಿನೆಮ್‌ನ ಆರಂಭದ ಧ್ವನಿಮುದ್ರಣಗಳಲ್ಲಿ ಪಾಲಿದ್ದ ನಿರ್ಮಾಪಕರು ಹೂಡಿದ್ದ ದಾವೆಯಲ್ಲಿ, ಅದು ಪರವಾನಗಿ ಎಂದು 2010ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಅದಾಗಿ ಕೆಲವೇ ವರ್ಷಗಳಲ್ಲಿ ಡೌನ್‌ಲೋಡ್ ಕಾಲವೇ ಮುಗಿಯುತ್ತ ಬಂತು, ಹಾಡನ್ನು ಇಳಿಸಿಕೊಳ್ಳದೆ ಇಂಟರ್ನೆಟ್‌ನಲ್ಲೇ ಕೇಳುವ ಸ್ಟ್ರೀಮಿಂಗ್ ಅದರ ಜಾಗಕ್ಕೆ ಬಂತು.

ಸ್ಟ್ರೀಮಿಂಗ್‌ನಲ್ಲಿ ಒಂದು ಹಾಡಿಗೆ ಇಷ್ಟು ಎಂಬ ನಿಗದಿತ ಬೆಲೆ ಸಾಮಾನ್ಯವಾಗಿ ಇರುವುದಿಲ್ಲ. ಚಂದಾ ಮತ್ತು ಜಾಹೀರಾತಿನ ಹಣ ಒಂದೆಡೆ ಸೇರುತ್ತದೆ. ಸೇವಾ ಕಂಪನಿ ಸುಮಾರು ಮೂರನೇ ಒಂದು ಭಾಗ ಇಟ್ಟುಕೊಂಡು, ಉಳಿದದ್ದನ್ನು ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟು ಎಂದು ನೋಡಿ ಹಂಚುತ್ತದೆ. ಅಂದರೆ ತಿಂಗಳಿಡೀ ನೀವು ಒಬ್ಬಳೇ ಗಾಯಕಿಯನ್ನು ಕೇಳಿದರೂ ನಿಮ್ಮ ಚಂದಾ ಅವಳಿಗೇ ಸೇರುವುದಿಲ್ಲ. ಅದರ ಬಹುಭಾಗ ನೀವು ಕೇಳದೇ ಇದ್ದವರಿಗೆ ಹೋಗುತ್ತದೆ. ಇದನ್ನು ಬದಲಿಸಿ, ಕೇಳುಗನ ಹಣ ಆತ ಕೇಳಿದವರಿಗೇ ಹೋಗುವ ಪದ್ಧತಿಯನ್ನು ಸೌಂಡ್‌ಕ್ಲೌಡ್ ಎಂಬ ಸ್ಟ್ರೀಮಿಂಗ್ ಸೇವೆ 2021ರಲ್ಲಿ ಸ್ವತಂತ್ರ ಕಲಾವಿದರಿಗಾಗಿ ಆರಂಭಿಸಿತು. ಇನ್ನೊಂದು ಸೇವೆ ಸ್ಪಾಟಿಫೈ 2024ರಲ್ಲಿ ಬೇರೆ ದಿಕ್ಕು ಹಿಡಿಯಿತು: ವರ್ಷಕ್ಕೆ 1,000 ಸಲ ಕೇಳಿಸದ ಹಾಡಿನ ಧ್ವನಿಮುದ್ರಣಕ್ಕೆ ರಾಯಲ್ಟಿ ಇಲ್ಲ. ಮೊತ್ತ ಚಿಲ್ಲರೆಯೇ ಇರಬಹುದು. ಆದರೆ ದುಡಿದವರ ಹಕ್ಕು ಚಿಲ್ಲರೆಯಾಗುವುದಿಲ್ಲ.

ಹಂಚಿಕೆಯ ಒಳಗೂ ತಾರತಮ್ಯವಿದೆ. ಧ್ವನಿಮುದ್ರಣಕ್ಕೆ ಸಿಗುವುದು ಸಂಯೋಜನೆಗೆ ಸಿಗುವುದರ ಹಲವು ಪಟ್ಟು. ಪಿಟೀಲು ನುಡಿಸಿ, ಒಂದು ಸಲದ ಸಂಭಾವನೆ ಪಡೆದು ಹೋದ ವಾದ್ಯಗಾರರಿಗೆ ಬ್ರಿಟನ್ನಿನಲ್ಲಿ ರೇಡಿಯೊ ಪ್ರಸಾರದಿಂದ ಕಾನೂನುಬದ್ಧ ಪಾಲು ಬರುತ್ತದೆ, ಸ್ಟ್ರೀಮಿಂಗ್‌ನಿಂದ ಹಾಗೆ ಬರುವುದಿಲ್ಲ. ಅಲ್ಲಿನ ಸಂಸದೀಯ ಸಮಿತಿ 2021ರಲ್ಲಿ, ಇಡೀ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಬೇಕು ಎಂದು ವರದಿ ಕೊಟ್ಟಿತು.

ಹಣ ಇದ್ದೂ ತಲುಪದ ಕಥೆ ಬೇರೆಯೇ ಇದೆ. ಧ್ವನಿಮುದ್ರಣಕ್ಕೆ ಒಂದು ಸಂಕೇತ ಸಂಖ್ಯೆ, ಸಂಯೋಜನೆಗೆ ಇನ್ನೊಂದು. ಎರಡರ ನಡುವಿನ ಕೊಂಡಿ ಎಷ್ಟೋ ಹಾಡುಗಳಿಗೆ ದಾಖಲೆಯಲ್ಲೇ ಇಲ್ಲ. ಅಮೆರಿಕದ 2018ರ ಕಾಯ್ದೆಯಂತೆ ರಾಯಲ್ಟಿ ಹಂಚಲು ಹೊಸ ಸಂಸ್ಥೆ ರಚನೆಯಾದಾಗ, ಹಕ್ಕುದಾರರು ಯಾರೆಂದು ತಾಳೆಯಾಗದೆ ಸ್ಟ್ರೀಮಿಂಗ್ ಸೇವೆಗಳಲ್ಲಿ ಉಳಿದಿದ್ದ ಸುಮಾರು 42.4 ಕೋಟಿ ಡಾಲರ್ 2021ರಲ್ಲಿ ಅದರ ಕೈಗೆ ಬಂತು. ಇಷ್ಟೂ ಹಣ ಹಾಡು ಬರೆದವರ, ಸಂಯೋಜಿಸಿದವರ ಕಡೆಗೆ ಸಲ್ಲಬೇಕಾದ ಬಾಕಿ.

ಈಗ ಕೃತಕ ಬುದ್ಧಿಮತ್ತೆಯ ಸರದಿ. ಹಾಡು ತಯಾರಿಸುವ ಸುನೊ ಮತ್ತು ಉಡಿಯೊ ಮೇಲೆ 2024ರಲ್ಲಿ ದೊಡ್ಡ ಧ್ವನಿಮುದ್ರಣ ಕಂಪನಿಗಳು ದಾವೆ ಹೂಡಿದವು, ಆ ದಾವೆಗಳಲ್ಲಿ ಕೆಲವು 2025ರಲ್ಲಿ ಪರವಾನಗಿ ಒಪ್ಪಂದಗಳಲ್ಲಿ ಮುಗಿದವು. ಸ್ಟ್ರೀಮಿಂಗ್‌ನಲ್ಲಿ ಯಾವ ಹಾಡು ಎಷ್ಟು ಸಲ ಕೇಳಿಸಿತು ಎಂಬ ಎಣಿಕೆಯಾದರೂ ಇತ್ತು. ಲಕ್ಷಾಂತರ ಹಾಡು ಅರೆದು ಕಲಿತ ಯಂತ್ರದ ವಿಷಯದಲ್ಲಿ ಯಾವ ಹಾಡಿನ ಪಾಲು ಎಷ್ಟೆಂದು ಹೇಳುವ ಅಂಥ ಎಣಿಕೆ ಇಲ್ಲ. ಹಾಗಿರುವಾಗ ಪರವಾನಗಿಯ ಹಣದಲ್ಲಿ, ಪಿಟೀಲು ನುಡಿಸಿ ಹೋದ ಆ ವಾದ್ಯಗಾರರ ಪಾಲನ್ನು ಅಳೆಯುವುದು ಯಾವುದರಿಂದ?