‘ಸಕ್ಕರೆ’ ‘ಅಕ್ಕರೆ’ಯಾದ ಉಕ್ತಲೇಖನ

ಘಟಿಕೋತ್ಸವದ ದಿನಗಳು ಹತ್ತಿರವಾದಂತೆ ಮೈಸೂರಿನ ಪತ್ರಿಕೆಗಳಲ್ಲಿ ಚಿನ್ನದ ಪದಕ, ರ‍್ಯಾಂಕ್, ಪಿಎಚ್.ಡಿ. ಸುದ್ದಿಗಳು ತುಂಬಿಕೊಳ್ಳುತ್ತವೆ. ಶಿಕ್ಷಣ ವಿಭಾಗದಿಂದ ಇಷ್ಟು ಮಂದಿ, ಆರೋಗ್ಯ ವಿಜ್ಞಾನದ ಕೋರ್ಸುಗಳಿಂದ ಇಷ್ಟು ಮಂದಿ ಎಂಬ ಪ್ರಕಟಣೆಗಳು ಬರುತ್ತವೆ. ವಾಕ್ ಮತ್ತು ಶ್ರವಣ ತಜ್ಞೆಯಾಗಿ ಇಪ್ಪತ್ತು ವರ್ಷಗಳಿಂದ ಈ ಊರಿನಲ್ಲಿ ಕೆಲಸ ಮಾಡುತ್ತ, ಇಂಟರ್ನ್ ವಿದ್ಯಾರ್ಥಿಗಳನ್ನು ಹಳ್ಳಿಯ ಶಾಲೆಗಳಿಗೆ ಕರೆದುಕೊಂಡು ಹೋಗುವ ನನಗೆ ಆ ಪಟ್ಟಿಯಲ್ಲಿ ಪರಿಚಿತ ಹೆಸರು ಕಂಡರೆ ಆಗುವ ಸಂತೋಷ ಸಣ್ಣದಲ್ಲ. ಮನೆಗೆ ಮೊದಲ ಪದವೀಧರೆಯಾದ ಹುಡುಗಿಯೊಬ್ಬಳು ಗೌನು ತೊಟ್ಟು, ಕ್ರಾಫರ್ಡ್ ಭವನದ ಮುಂದೆ ಅಪ್ಪ ಅಮ್ಮನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುವುದನ್ನು ನೋಡಿದವರಿಗೆ ಪದಕದ ತೂಕ ಗೊತ್ತಿರುತ್ತದೆ. ಆದರೆ ಈ ಎರಡು ಕ್ಷೇತ್ರಗಳ ಸಾಧನೆಯನ್ನು ಬೇರೆ ಬೇರೆ ಪುಟಗಳಲ್ಲಿ ಓದಿ ಓದಿ, ಶಿಕ್ಷಕರೂ ವಾಕ್ ಶ್ರವಣ ತಜ್ಞರೂ ಒಂದೇ ಮಗುವಿನ ಮುಂದೆ ಕುಳಿತಾಗ ಆಗುವ ಕೆಲಸ ನಮ್ಮ ಕಣ್ಣಿಗೆ ಬೀಳದೆ ಹೋಗಿದೆ. ಈ ಸಲ ಅದನ್ನೇ ಬರೆಯಬೇಕೆನಿಸಿತು.

ಇಂಥ ಕೆಲಸಕ್ಕೆ ಮೈಸೂರಿನಷ್ಟು ಅನುಕೂಲವಾದ ಊರು ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲವೆಂದೇ ನನ್ನ ಭಾವನೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಆವರಣಕ್ಕೆ ಕುವೆಂಪು ಅವರು ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಅದರ ಆಸುಪಾಸಿನಲ್ಲೇ 1963ರಲ್ಲಿ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಹುಟ್ಟಿದವು. ಒಂದು ಕಡೆ ಮೇಷ್ಟ್ರುಗಳು ತಯಾರಾಗುತ್ತಾರೆ, ಇನ್ನೊಂದು ಕಡೆ ಕಿವಿ ಮತ್ತು ಮಾತಿನ ತಜ್ಞರು ತಯಾರಾಗುತ್ತಾರೆ. ನಡುವೆ ಇರುವುದು ನಡೆದು ಹೋಗಬಹುದಾದ ದೂರ. ವಾಕ್ ಶ್ರವಣ ಸಂಸ್ಥೆಯೊಳಗೇ ಶ್ರವಣದೋಷವುಳ್ಳ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಣದ ಪದವಿಯೂ ಇದೆ. ಆದರೆ ಶ್ರವಣದೋಷವಿದೆಯೆಂದು ಯಾರಿಗೂ ಗೊತ್ತಾಗದ ಮಗು ಕೂರುವುದು ಸಾಮಾನ್ಯ ಶಾಲೆಯ ಸಾಮಾನ್ಯ ತರಗತಿಯಲ್ಲಿ. ಅದನ್ನು ದಿನವೂ ನೋಡುವವರು ಸಾಮಾನ್ಯ ಬಿ.ಇಡಿ. ಓದಿ ಬಂದ ಶಿಕ್ಷಕರು.

ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ಹೇಳುತ್ತೇನೆ. ನಾವು ಶ್ರವಣ ತಪಾಸಣೆಗೆ ಹೋದ ದಿನವೇ ಅಲ್ಲಿ ಬಿ.ಇಡಿ. ಪ್ರಶಿಕ್ಷಣಾರ್ಥಿಯೊಬ್ಬ ಶಾಲಾ ಇಂಟರ್ನ್‌ಷಿಪ್‌ನಲ್ಲಿದ್ದ. ಇದನ್ನು ಯಾರೂ ಯೋಜಿಸಿರಲಿಲ್ಲ. ಅವನು ಮದ್ದೂರು ಕಡೆಯವನು. ನನ್ನ ಜೊತೆಗಿದ್ದ ಇಂಟರ್ನ್ ಕೇರಳದ ಹುಡುಗಿ. ಮೂರು ವರ್ಷ ಮೈಸೂರಿನಲ್ಲಿದ್ದು ಕನ್ನಡವನ್ನು ಚೆನ್ನಾಗಿಯೇ ಕಲಿತಿದ್ದಳು. ಆರನೆಯ ತರಗತಿಯ ಹುಡುಗಿಯೊಬ್ಬಳಿಗೆ ಚಿತ್ರಗಳನ್ನು ತೋರಿಸಿ ಹೆಸರು ಹೇಳಿಸುತ್ತಿದ್ದಳು. ಹಾವಿನ ಚಿತ್ರಕ್ಕೆ ‘ಆವು’, ಹಣ್ಣಿಗೆ ‘ಅಣ್ಣು’, ಹೂವಿಗೆ ‘ಊವು’ ಎಂಬ ಉತ್ತರ ಬಂತು. ಇಂಟರ್ನ್ ತನ್ನ ಹಾಳೆಯಲ್ಲಿ ಹಕಾರ ಲೋಪ ಎಂದು ಮೂರು ಕಡೆ ಗುರುತು ಹಾಕಿದಳು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಪ್ರಶಿಕ್ಷಣಾರ್ಥಿ ತಡೆಯಲಾರದೆ, “ಮೇಡಂ, ಅದು ತಪ್ಪಲ್ಲ, ನಮ್ ಕಡೆ ಎಲ್ಲಾರೂ ಅಂಗೇ ಅನ್ನೋದು. ನಮ್ಮಪ್ಪನೂ ಅಳ್ಳಿ ಅಂತಲೇ ಅನ್ನೋದು” ಎಂದ.

ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಮಂಡ್ಯ ಮೈಸೂರು ಕಡೆಯ ಆಡುಮಾತಿನಲ್ಲಿ ಪದದ ಮೊದಲ ಹಕಾರ ಉಳಿಯುವುದಿಲ್ಲ. ಮನೆಯ ಮಾತು ಹಾಗಿದ್ದರೆ ಮಗು ಹಾಗೆಯೇ ಮಾತಾಡುವುದು ಆರೋಗ್ಯದ ಲಕ್ಷಣ. ಅದನ್ನು ಉಚ್ಚಾರ ದೋಷವೆಂದು ಬರೆದು ಚಿಕಿತ್ಸೆಗೆ ಕಳಿಸಿದರೆ ತಪ್ಪು ನಮ್ಮದಾಗುತ್ತದೆ. ಪ್ರಾದೇಶಿಕ ಭೇದವನ್ನು ದೋಷವೆಂದು ಎಣಿಸಬಾರದೆಂದು ನಾವು ಎರಡನೆಯ ವರ್ಷದಲ್ಲೇ ಪಾಠ ಹೇಳುತ್ತೇವೆ, ಆದರೆ ಯಾವ ಊರಿನಲ್ಲಿ ಯಾವ ಅಕ್ಷರ ಹೇಗೆ ನುಡಿಯುತ್ತದೆಂಬುದು ಪಾಠದಲ್ಲಿ ಸಿಗುವುದಿಲ್ಲ. ಇಂಟರ್ನ್ ಮೂರೂ ಗುರುತುಗಳನ್ನು ಅಳಿಸಿದಳು.

ಆಮೇಲೆ ಅವಳು ಆ ಹುಡುಗಿಯ ಉಕ್ತಲೇಖನದ ಪುಸ್ತಕ ಕೇಳಿದಳು. ಅಲ್ಲಿ ಹಳ್ಳಿ ‘ಅಳ್ಳಿ’ಯಾಗಿತ್ತು, ಹಬ್ಬ ‘ಅಬ್ಬ’ವಾಗಿತ್ತು. ಅದೇ ಪುಟದಲ್ಲಿ ಸಂತೆ ‘ಅಂತೆ’ಯಾಗಿತ್ತು, ಸಾಲು ‘ಆಲು’ ಆಗಿತ್ತು, ಸಕ್ಕರೆ ‘ಅಕ್ಕರೆ’ಯಾಗಿತ್ತು. ಪ್ರಶಿಕ್ಷಣಾರ್ಥಿ ಎಲ್ಲಕ್ಕೂ ಒಂದೇ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಮೊದಲ ಅಕ್ಷರ ಬಿಟ್ಟಿದ್ದೀಯ ಎಂದು ಬರೆದಿದ್ದ. ಇದೂ ಊರಿನ ಮಾತಿನ ಪ್ರಭಾವವೆಂದೇ ಅವನು ತಿಳಿದಿದ್ದ. ಇಂಟರ್ನ್ ಪೆನ್ಸಿಲ್‌ನಿಂದ ಆ ಐದು ಪದಗಳನ್ನು ಎರಡು ಗುಂಪು ಮಾಡಿ ಅವನ ಮುಂದಿಟ್ಟಳು. “ನಿಮ್ಮ ಊರಲ್ಲಿ ಸಕ್ಕರೆಗೆ ಅಕ್ಕರೆ ಅಂತಾರಾ?” ಎಂದು ಕೇಳಿದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲ” ಎಂದ. ಸಕ್ಕರೆ ನಾಡೆಂದೇ ಹೆಸರಾದ ಜಿಲ್ಲೆಯಲ್ಲಿ ಆ ಪದವನ್ನು ಯಾರೂ ಹಾಗೆ ಅನ್ನುವುದಿಲ್ಲ.

ಹಕಾರ ಬಿಟ್ಟುಹೋದದ್ದು ನಾಲಿಗೆಯ ರೂಢಿಯಿಂದ. ಸಕಾರ ಬಿಟ್ಟುಹೋದದ್ದು ಕಿವಿಯಿಂದ. ಕನ್ನಡದ ಸ್ವರಗಳು ಮತ್ತು ಮ, ನ ಮುಂತಾದ ಅನುನಾಸಿಕಗಳ ಶಕ್ತಿ ಬಹುಪಾಲು ತಗ್ಗಿನ ಆವರ್ತನಗಳಲ್ಲಿ, ಅಂದರೆ ದಪ್ಪ ದನಿಯ ಭಾಗದಲ್ಲಿ ಇರುತ್ತದೆ. ಸಕಾರದ ಶಕ್ತಿ ಇರುವುದು ಸುಮಾರು 4000 ಹರ್ಟ್ಜ್‌ಗಿಂತ ಮೇಲೆ, ಅದೂ ಬಹಳ ಮೆಲ್ಲಗೆ. ಎತ್ತರದ ಆವರ್ತನಗಳಲ್ಲಿ ಮಾತ್ರ ಶ್ರವಣ ಕುಗ್ಗಿದ ಮಗುವಿಗೆ ‘ಬಾರಮ್ಮ’ ಎಂದು ಕೂಗಿದ್ದು ಪೂರ್ತಿ ಕೇಳಿಸುತ್ತದೆ, ಟ್ರ್ಯಾಕ್ಟರಿನ ಸದ್ದು ಕೇಳಿಸುತ್ತದೆ, ಹಾಗಾಗಿ ಅಮ್ಮ “ಕೂಗಿದ್ರೆ ಓಡಿ ಬರ್ತಾಳೆ, ಕಿವಿಗೇನಾಗಿದೆ” ಎಂದು ನಂಬಿಕೆಯಿಂದಲೇ ಹೇಳುತ್ತಾಳೆ. ಸ, ಶ, ಚ, ತ ಇರುವ ಕಡೆಗಳಲ್ಲಿ ಆ ಮಗುವಿಗೆ ಮಾತು ತೂತು ಬಿದ್ದ ಬಟ್ಟೆಯಂತೆ ಬಂದು ತಲುಪುತ್ತದೆ. ಉಳಿದದ್ದನ್ನು ಅದು ಊಹಿಸುತ್ತದೆ. ಎದುರಿಗಿದ್ದು ಮಾತಾಡಿದರೆ ತುಟಿ ನೋಡಿ ಊಹೆ ಸರಿಹೋಗುತ್ತದೆ; ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಹೇಳಿದರೆ ಊಹೆ ತಪ್ಪುತ್ತದೆ. ಆರು ವರ್ಷ ಆ ಹುಡುಗಿಯ ಅಂಕಪಟ್ಟಿಯಲ್ಲಿ ‘ಗಮನ ಸಾಲದು’ ಎಂಬ ಷರಾ ಬಂದದ್ದು ಹೀಗೆ.

ಬಿಸಿಯೂಟದ ಅಕ್ಕಿ ಇಡುವ ಕೋಣೆಯೊಂದೇ ಆ ಶಾಲೆಯಲ್ಲಿ ಸ್ವಲ್ಪ ನಿಶ್ಶಬ್ದವಾಗಿತ್ತು. ಅಲ್ಲಿ ಶ್ರವಣ ಅಳೆಯುವ ಆಡಿಯೊಮೀಟರ್ ಇಟ್ಟು ನೋಡಿದೆವು, ನಂತರ ಮೈಸೂರಿಗೆ ಕರೆಸಿ ಶಬ್ದರಹಿತ ಕೊಠಡಿಯಲ್ಲಿ ಖಚಿತಪಡಿಸಿಕೊಂಡೆವು. 500 ಹರ್ಟ್ಜ್‌ನಲ್ಲಿ 25 ಡೆಸಿಬೆಲ್, 1000ದಲ್ಲಿ 30, 2000ದಲ್ಲಿ 50, 4000ದಲ್ಲಿ 65. ಅವಳಿಗೆ ಕೇಳಿಸಿದ ಅತಿ ಮೆಲ್ಲನೆಯ ದನಿಯ ಮಟ್ಟವಿದು; ಅಂಕಿ ಏರಿದಷ್ಟೂ ನಷ್ಟ ಹೆಚ್ಚು. ಎರಡೂ ಕಿವಿಗಳಲ್ಲಿ ಹೆಚ್ಚು ಕಡಿಮೆ ಒಂದೇ ಬಗೆ. ಇಲ್ಲಿ ಓದುಗರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಮಾತಿನ ಆವರ್ತನಗಳಲ್ಲಿ ಎರಡೂ ಕಿವಿಗಳ ನಷ್ಟ 60 ಡೆಸಿಬೆಲ್ ಮುಟ್ಟಿದರೆ ಮಾತ್ರ ಶ್ರವಣದೋಷವೆಂಬ ಗುರುತು ಸಿಗುತ್ತದೆ. 500, 1000, 2000 ಹರ್ಟ್ಜ್‌ಗಳ ಸರಾಸರಿ ತೆಗೆದರೆ ಈ ಹುಡುಗಿಯದು 35. ಅಂದರೆ ಪ್ರಮಾಣಪತ್ರವಿಲ್ಲ, ಅದಕ್ಕೆ ಅಂಟಿಕೊಂಡ ಸೌಲಭ್ಯಗಳೂ ಇಲ್ಲ. ಶ್ರವಣ ಸಾಧನದಿಂದ ಅವಳಿಗೆ ನಿಜವಾದ ಪ್ರಯೋಜನವಿತ್ತು, ಅದನ್ನು ಹೊಂದಿಸಿದೆವು. ಆದರೆ ಕಾನೂನು ಗುರುತಿಸದ ಇಂಥ ಮಗುವಿಗೆ ಶಾಲೆಯಲ್ಲಿ ಆಸರೆಯಾಗಬಲ್ಲವರು ಅವಳ ಶಿಕ್ಷಕರು ಮಾತ್ರ. ಶಿಕ್ಷಕ ತರಬೇತಿಯ ಗುಣಮಟ್ಟವೆಂದರೆ ನನಗೆ ಮೊದಲು ನೆನಪಾಗುವುದು ಈ 35 ಎಂಬ ಅಂಕಿ.

ಹುಟ್ಟಿದ ಮಕ್ಕಳ ತಪಾಸಣೆಯ ಬಗ್ಗೆ ಈಗ ಅರಿವು ಬೆಳೆದಿದೆ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಸಾಧನ ಮತ್ತು ತರಬೇತಿ ಎಂಬ ಕ್ರಮ ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಬಾಯಿಪಾಠ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದು ಹೋಗುತ್ತವೆ. ಸೋದರಮಾವನ ಜೊತೆ, ಹತ್ತಿರದ ಬಳಗದಲ್ಲಿ ಮದುವೆಯಾಗುವ ರೂಢಿ ಇರುವ ನಮ್ಮ ಭಾಗದಲ್ಲಿ ವಂಶವಾಹಿಯಿಂದ ಬರುವ ಕಿವುಡುತನದ ಸಾಧ್ಯತೆ ಹೆಚ್ಚು. ಆದ್ದರಿಂದ ಈ ತಪಾಸಣೆಗಳು ಬಹಳ ಮುಖ್ಯ. ಆದರೂ ಮೂರನೆಯ ವರ್ಷಕ್ಕೋ ಐದನೆಯ ವರ್ಷಕ್ಕೋ ನಿಧಾನವಾಗಿ ಶುರುವಾಗುವ ನಷ್ಟ ಹುಟ್ಟಿದಾಗ ಸಿಕ್ಕುವುದಿಲ್ಲ. ನೆಗಡಿಯಿಂದ ಮಧ್ಯಕರ್ಣದಲ್ಲಿ ದ್ರವ ತುಂಬಿಕೊಂಡು, ಒಂದು ತಿಂಗಳು ಕೇಳಿಸದೆ ಇನ್ನೊಂದು ತಿಂಗಳು ಕೇಳಿಸುವ ಮಗುವೂ ವರ್ಷಕ್ಕೊಮ್ಮೆ ಬರುವ ತಂಡದ ಕೈಗೆ ಸಿಗದಿರಬಹುದು.

ಸಾಧನ ಹಾಕಿದ ಮೇಲೆ ಕೆಲಸ ಮುಗಿಯಿತೆಂದು ತಿಳಿದದ್ದು ನನ್ನ ಮೊದಲ ವರ್ಷಗಳ ತಪ್ಪು. ಬೇರೊಂದು ಶಾಲೆಯಲ್ಲಿ, ನಾವೇ ಸಾಧನ ಕೊಟ್ಟಿದ್ದ ಹುಡುಗನನ್ನು ನಾಲ್ಕು ತಿಂಗಳ ನಂತರ ನೋಡಲು ಹೋದಾಗ ಅವನು ಅದನ್ನು ಶ್ರದ್ಧೆಯಿಂದ ಕಿವಿಗೆ ಹಾಕಿಕೊಂಡೇ ಕುಳಿತಿದ್ದ. ಸಾಧನವನ್ನು ಕಿವಿಯೊಳಗೆ ಕೂರಿಸುವ ಅಚ್ಚಿನ ರಂಧ್ರ ಗುಗ್ಗೆಯಿಂದ ಪೂರ್ತಿ ಮುಚ್ಚಿಹೋಗಿತ್ತು, ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಅಂದರೆ ಅಷ್ಟು ದಿನ ಅವನು ಕಿವಿಗೆ ಬಿರಡೆ ಹಾಕಿಕೊಂಡು ಪಾಠ ಕೇಳಿದ್ದ. ಅವನ ಶಿಕ್ಷಕಿಗೆ ಸಾಧನವನ್ನು ಮುಟ್ಟಲೂ ಭಯ. ಅದನ್ನು ನೋಡಿಕೊಳ್ಳುವುದು ಹೇಗೆಂದು ಆಕೆಗೆ ಯಾರೂ ತೋರಿಸಿಕೊಟ್ಟಿರಲಿಲ್ಲ, ನಾನೂ ತೋರಿಸಿಕೊಟ್ಟಿರಲಿಲ್ಲ.

ಅಂದಿನಿಂದ ನಾನು ಸಿಕ್ಕ ಶಿಕ್ಷಕರಿಗೆಲ್ಲ ಆರು ಧ್ವನಿಗಳ ಪರೀಕ್ಷೆ ಕಲಿಸುತ್ತೇನೆ. ಹಾಜರಿ ಕರೆಯುವಾಗ ಮಗುವಿನ ಹಿಂದೆ ನಿಂತು, ತುಟಿ ಕಾಣದಂತೆ, ಮಾಮೂಲಿ ದನಿಯಲ್ಲಿ ಮ್, ಊ, ಆ, ಈ, ಶ್, ಸ್ ಎಂದು ಒಂದೊಂದಾಗಿ ಹೇಳಬೇಕು. ಮಗು ಕೇಳಿದ್ದನ್ನು ತಿರುಗಿ ಹೇಳಬೇಕು. ತಗ್ಗಿನ ಆವರ್ತನದಿಂದ ಎತ್ತರದವರೆಗೆ ಮಾತಿನ ಇಡೀ ಹರವು ಈ ಆರರಲ್ಲಿ ಬಂದುಹೋಗುತ್ತದೆ. ನಿನ್ನೆ ಸ್ ಹೇಳಿದ ಮಗು ಇಂದು ಹೇಳದಿದ್ದರೆ ಬ್ಯಾಟರಿ, ಅಚ್ಚು, ನೆಗಡಿ ಇವುಗಳಲ್ಲಿ ಒಂದನ್ನು ನೋಡಬೇಕು. ಒಂದು ನಿಮಿಷದ ಕೆಲಸ.

ತರಗತಿಯ ಕೂರುವಿಕೆಯಲ್ಲೂ ಇಬ್ಬರೂ ಸೇರಿ ಯೋಚಿಸಬೇಕಾದ್ದಿದೆ. ಬಯಲಿನಂಥ ಜಾಗದಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ದನಿ 6 ಡೆಸಿಬೆಲ್ ಕುಗ್ಗುತ್ತದೆ. ಕೋಣೆಯೊಳಗೆ ಇಳಿಕೆ ಸ್ವಲ್ಪ ಕಡಿಮೆಯಾದರೂ ಹಿಂದಿನ ಬೆಂಚಿಗೆ ಫ್ಯಾನು, ಶೀಟಿನ ಮೇಲಿನ ಮಳೆ, ಪಕ್ಕದ ತರಗತಿಯ ಮಗ್ಗಿಗಳ ನಡುವೆ ಮಾತು ಮುಳುಗಿಹೋಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ನಲಿಕಲಿ ಎಂಬ ಚಟುವಟಿಕೆಯ ಕಲಿಕಾ ಕ್ರಮ ನಮ್ಮ ಜಿಲ್ಲೆಯ ಶಿಕ್ಷಕರು ನಾಡಿಗೆ ಕೊಟ್ಟ ಕೊಡುಗೆ. ಅಲ್ಲಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುವುದರಿಂದ ಶಿಕ್ಷಕಿ ಹತ್ತಿರವಿರುತ್ತಾಳೆ, ಮುಖ ಕಾಣುತ್ತದೆ. ಇದು ಶ್ರವಣ ಕುಗ್ಗಿದ ಮಗುವಿಗೆ ದೊಡ್ಡ ಉಪಕಾರ. ಐದು ಗುಂಪುಗಳು ಒಟ್ಟಿಗೆ ಮಾತಾಡುವುದರಿಂದ ಗದ್ದಲ ಏರುವುದು ಅದೇ ಮಗುವಿಗೆ ಕಷ್ಟ. ಆ ಗುಂಪನ್ನು ಗೋಡೆಯ ಮೂಲೆಗೆ, ಕಿಟಕಿಯಿಂದ ದೂರಕ್ಕೆ ಸರಿಸಿದರೆ ಅರ್ಧ ತೊಂದರೆ ಕಳೆಯುತ್ತದೆ. ಇದನ್ನು ನನಗೆ ತೋರಿಸಿಕೊಟ್ಟವರೂ ನಲಿಕಲಿ ಶಿಕ್ಷಕಿಯೊಬ್ಬರೇ.

ಇನ್ನು ವಿಶ್ವವಿದ್ಯಾನಿಲಯದ ಮಾತು. ಎರಡು ವರ್ಷದ ಬಿ.ಇಡಿ.ಯಲ್ಲಿ ಕನಿಷ್ಠ 20 ವಾರ ಶಾಲಾ ಅನುಭವಕ್ಕೆ ಮೀಸಲು. ವಾಕ್ ಶ್ರವಣದ ನಾಲ್ಕು ವರ್ಷದ ಪದವಿಯಲ್ಲಿ ಕೊನೆಯ ವರ್ಷವೇ ಇಂಟರ್ನ್‌ಷಿಪ್. ಎರಡೂ ಪಠ್ಯಕ್ರಮದಲ್ಲಿ ಹಳ್ಳಿಯ ಶಾಲೆಗೆ ಹೋಗುವ ದಿನಗಳು ಈಗಾಗಲೇ ಇವೆ, ಹೊಸದಾಗಿ ಹಣ ಬೇಕಿಲ್ಲ. ಬೇಕಾದದ್ದು ಎರಡು ವೇಳಾಪಟ್ಟಿಗಳನ್ನು ಒಂದೇ ಮೇಜಿನ ಮೇಲಿಟ್ಟು ನೋಡುವ ಇಬ್ಬರು ಸಂಯೋಜಕರು, ಮತ್ತು ಈ ಜಂಟಿ ಭೇಟಿಗೆ ಎರಡೂ ಕಡೆ ಅಂಕ ಕೊಡುವ ಒಂದು ಸುತ್ತೋಲೆ. ಅಂಕವಿಲ್ಲದ ಕೆಲಸಕ್ಕೆ ವಿದ್ಯಾರ್ಥಿಗಳು ಒಂದು ವರ್ಷ ಬರುತ್ತಾರೆ, ಎರಡನೆಯ ವರ್ಷ ಬರುವುದಿಲ್ಲ; ಅದಕ್ಕೆ ಅವರನ್ನು ದೂರಲಾರೆ. ವಾರ್ಷಿಕ ವರದಿಯಲ್ಲಿ ಪದಕಗಳ ಪಟ್ಟಿಯ ಕೆಳಗೆ ಎರಡು ಸಾಲು ಸೇರಲಿ ಎಂದು ಕೇಳುತ್ತೇನೆ: ಎಷ್ಟು ಮಕ್ಕಳನ್ನು ತಪಾಸಣೆಯಲ್ಲಿ ಗುರುತಿಸಿ ಮುಂದಕ್ಕೆ ಕಳಿಸಿದೆವು, ಅವರಲ್ಲಿ ಎಷ್ಟು ಮಂದಿ ನಿಜವಾಗಿ ಆಸ್ಪತ್ರೆ ತಲುಪಿದರು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿಯೇ ಬಹಳ ಮಕ್ಕಳು ಕಳೆದುಹೋಗುತ್ತಾರೆ. ಬಸ್ ಖರ್ಚು, ಒಂದು ದಿನದ ಕೂಲಿ, ಯಾವ ಕೌಂಟರಿಗೆ ಹೋಗಬೇಕೆಂಬ ಗೊಂದಲ, ಇವು ದೊಡ್ಡ ಕಾರಣಗಳು. ಪಾಲಕರ ಜೊತೆ ಮಾತಾಡಿ ಅವರನ್ನು ಹೊರಡಿಸುವ ಶಕ್ತಿ ನಮ್ಮ ಚೀಟಿಗಿಂತ ಶಿಕ್ಷಕರ ಮಾತಿಗೆ ಹೆಚ್ಚು.

ಶ್ರೀರಂಗಪಟ್ಟಣದ ಆ ಹುಡುಗಿಯ ಉಕ್ತಲೇಖನದ ಫೋಟೊವನ್ನು ಅದೇ ವರ್ಷ ಸಂಕ್ರಾಂತಿಯ ನಂತರ ಪ್ರಶಿಕ್ಷಣಾರ್ಥಿ ನಮ್ಮಿಬ್ಬರಿಗೂ ಕಳಿಸಿದ. ಅವನ ಇಂಟರ್ನ್‌ಷಿಪ್ ಮುಗಿದು ತಿಂಗಳಾಗಿತ್ತು, ನೋಡಿಕೊಂಡು ಬರಲೆಂದೇ ಹೋಗಿದ್ದನಂತೆ. ‘ಸಕ್ಕರೆ’ ಸರಿಯಾಗಿತ್ತು, ‘ಸಂತೆ’ ಸರಿಯಾಗಿತ್ತು. ‘ಅಳ್ಳಿ’ ಹಾಗೇ ಇತ್ತು. ಅದರ ಪಕ್ಕದಲ್ಲಿ ಕೆಂಪು ಗೆರೆಯ ಬದಲು ಪೆನ್ಸಿಲ್‌ನಲ್ಲಿ, “ಮನೇಲಿ ಅಳ್ಳಿ, ಬರೆಯುವಾಗ ಹಳ್ಳಿ” ಎಂದು ಅವನು ಬರೆದುಕೊಟ್ಟಿದ್ದ.