ಎದೆಯಿಂದ ತೆಗೆದ ನೀರು ಎಲ್ಲಿಗೆ ಹೋಗಬೇಕು?

"ಎದ್ಯಾಗ ನೀರು ತುಂಬ್ಯಾದ, ತಗೀಬೇಕಂತಾರ." ಕಲಬುರಗಿಯ ಆಸ್ಪತ್ರೆ ವರಾಂಡಗಳಲ್ಲಿ ಮನೆಯವರು ಊರಿಗೆ ಫೋನು ಹಚ್ಚಿ ಹೀಗೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ನಮ್ಮ ಸೋದರಮಾವನಿಗೂ ಹೀಗೇ ಆಯಿತು. ಸುಮಾರು ಒಂದು ಲೀಟರ್ ತೆಗೆದರು. ನೀರಿನಲ್ಲಿರುವ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ ಹೋದದ್ದು ಒಂದು ಸಿರಿಂಜಿನಷ್ಟು, ಉಳಿದದ್ದು ಬಕೆಟ್ಟಿಗೆ. 'ಮಾದರಿ ಸಾಲದು' ಎಂದು ವರದಿ ಬಂತು. ಎಂಟು ದಿನಕ್ಕೆ ಮತ್ತೆ ಸೂಜಿ ಚುಚ್ಚಬೇಕಾಯಿತು.

ಶ್ವಾಸಕೋಶ, ಹೃದಯ, ಕರುಳುಗಳ ಸುತ್ತ ತೆಳು ಪೊರೆಗಳಿವೆ. ಅವುಗಳ ನಡುವೆ ಇರಬೇಕಾದದ್ದು ಜಾರಿಕೆಗೆ ಬೇಕಾದಷ್ಟೇ ದ್ರವ. ಹೃದಯ ಸೋತರೆ, ಯಕೃತ್ತು ಕೆಟ್ಟರೆ, ಕ್ಷಯ ತಗುಲಿದರೆ, ಕ್ಯಾನ್ಸರ್ ಹರಡಿದರೆ ಅದು ಲೀಟರುಗಟ್ಟಲೆ ತುಂಬುತ್ತದೆ. ಬರಿಗಣ್ಣಿಗೆ ಬಹಳ ಸಲ ಎಲ್ಲವೂ ಅದೇ ಹಳದಿ ನೀರು.

1867ರಲ್ಲಿ ಜರ್ಮನ್ ವೈದ್ಯರಾದ ಲ್ಯೂಕೆ ಮತ್ತು ಕ್ಲೆಬ್ಸ್ ಹೊಟ್ಟೆಯ ನೀರಿನಲ್ಲಿ ಕ್ಯಾನ್ಸರ್ ಕೋಶಗಳನ್ನು ಗುರುತಿಸಿದರು. 1882ರಲ್ಲಿ ಇನ್ನೊಬ್ಬ ಜರ್ಮನ್ ವೈದ್ಯ ಕ್ವಿಂಕೆ ಅವನ್ನು ವಿವರವಾಗಿ ಬರೆದಿಟ್ಟರು. ವಿಜ್ಞಾನಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ತೋರಿಸಿದ್ದೂ ಅದೇ ವರ್ಷ. ನಮ್ಮ ಭಾಗದಲ್ಲಿ ಎದೆಯ ನೀರು ಅಂದಕೂಡಲೇ ಇಂದಿಗೂ ವೈದ್ಯರ ತಲೆಗೆ ಬರುವುದು ಈ ಎರಡೇ ಕಾಯಿಲೆ.

ಆದರೆ ಕಂಡದ್ದನ್ನು ನಂಬುವುದು ಸುಲಭವಿರಲಿಲ್ಲ. ಪೊರೆಯ ಒಳಮೈಯಿಂದ ಉದುರುವ ಮೀಸೋಥೀಲಿಯಲ್ ಕೋಶಗಳು ಸೋಂಕಿಗೋ ಉರಿಯೂತಕ್ಕೋ ಕೆರಳಿದರೆ ಉಬ್ಬುತ್ತವೆ, ಕೋಶಕೇಂದ್ರ ದೊಡ್ಡದಾಗುತ್ತದೆ, ಒಂದಕ್ಕಿಂತ ಹೆಚ್ಚು ಕೇಂದ್ರಗಳೂ ಇರುತ್ತವೆ. ಥೇಟ್ ಕ್ಯಾನ್ಸರಿನಂತೆಯೇ! ಎಷ್ಟೋ ದಶಕ ತಜ್ಞರನ್ನು ಕಾಡಿದ್ದು ಈ ಹೋಲಿಕೆ. ಅಕ್ಕಪಕ್ಕದ ಎರಡು ಮೀಸೋಥೀಲಿಯಲ್ ಕೋಶಗಳ ನಡುವೆ ಕಿಟಕಿಯಂಥ ಸಣ್ಣ ಸಂದು ಕಾಣುತ್ತದೆ. ಗ್ರಂಥಿಯ ಕ್ಯಾನ್ಸರ್ ಕೋಶಗಳಾದರೆ ಹಲವು ಸಲ ಉಂಡೆ ಕಟ್ಟಿ ಕೂತಿರುತ್ತವೆ. ಊರವರ ಗುಂಪಿನಲ್ಲಿ ಪರವೂರಿನವರು ಸೇರಿಕೊಂಡಂತೆ ಕಾಣುವ ಆ ಎರಡನೇ ಕುಲವನ್ನೇ ತಜ್ಞರು ಹುಡುಕುತ್ತಾರೆ.

1942ರಲ್ಲಿ 'ಪ್ಯಾಪ್' ಪರೀಕ್ಷೆಯ ವೈದ್ಯ ಪಾಪನಿಕೊಲಾವ್ ಕೊಟ್ಟ ಬಣ್ಣದ ವಿಧಾನದಿಂದ ಕೋಶಕೇಂದ್ರ ಸ್ಪಷ್ಟವಾಯಿತು. ತಳಕ್ಕಿಳಿದ ಗಸಿಯನ್ನು ಗಟ್ಟಿ ಮಾಡಿ ಬಯಾಪ್ಸಿಯಂತೆ ಕತ್ತರಿಸಿ ನೋಡುವ 'ಸೆಲ್ ಬ್ಲಾಕ್' ಅದಕ್ಕೂ ಹಳೆಯದು. 2020ರಲ್ಲಿ ವರದಿಗಳಿಗೆ ಐದು ವರ್ಗಗಳ ಅಂತರರಾಷ್ಟ್ರೀಯ ಪದ್ಧತಿ ಬಂತು. ಇಷ್ಟಾದರೂ ಕ್ಯಾನ್ಸರಿನಿಂದ ತುಂಬಿದ ಎದೆಯ ನೀರಿನಲ್ಲಿ ಈ ಪರೀಕ್ಷೆ ಅದನ್ನು ಹಿಡಿಯುವುದು ನೂರಕ್ಕೆ ಸುಮಾರು 60 ಸಲ. ಕೋಶಗಳೇ ಇಲ್ಲದಷ್ಟು ಕಡಿಮೆ ನೀರು ಕಳಿಸಿದರೆ ಆ ಲೆಕ್ಕವೂ ಇಳಿಯುತ್ತದೆ.

ಅದಕ್ಕೇ ಸಾಧ್ಯವಿದ್ದರೆ 50ರಿಂದ 75 ಮಿಲಿಲೀಟರ್ ಕಳಿಸಬೇಕು. ಚಿಂಚೋಳಿಯಿಂದಲೋ ಸೇಡಂನಿಂದಲೋ ಮೇ ತಿಂಗಳ ಬಿಸಿಲಲ್ಲಿ ಬಸ್ಸಿನಲ್ಲಿ ತರುವವರು ಬಾಟಲಿಯನ್ನು ಐಸ್ ಡಬ್ಬಿಯಲ್ಲಿಡಬೇಕು. ಶಾಖಕ್ಕೆ ಕೋಶಗಳು ಬೇಗ ಕರಗಿಹೋಗುತ್ತವೆ. "ಎಷ್ಟು ಕಳಿಸೀರಿ ಸಾಹೇಬ್ರ?" ಎಂದು ಕೇಳಲು ಮನೆಯವರು ಹಿಂಜರಿಯಬಾರದು.

ಎರಡನೇ ಸಲ ನಾವು ಕೇಳಿದೆವು, ಬಾಟಲಿ ತುಂಬ ಕಳಿಸಿದರು. ಲ್ಯಾಬಿನವರು ನನಗೂ ಸ್ಲೈಡ್ ತೋರಿಸಿದರು. ನೇರಳೆ ಸಾಸಿವೆ ಚೆಲ್ಲಿದಂತೆ ಎಲ್ಲೆಲ್ಲೂ ಲಿಂಫೋಸೈಟುಗಳು, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳು. ಉಂಡೆ ಒಂದೂ ಇರಲಿಲ್ಲ. ಕ್ಷಯದಲ್ಲಿ ಹೆಚ್ಚಾಗಿ ಏರುವ ಎಡಿಎ ಎಂಬ ಕಿಣ್ವದ ಅಂಶವೂ ಏರಿತ್ತು. ಕ್ಷಯ ಎಂದು ತೀರ್ಮಾನಿಸಿ ಆರು ತಿಂಗಳ ಗುಳಿಗೆ ಶುರು ಮಾಡಿದರು. ಮಾವ ಅಂದೇ ರಾತ್ರಿ ಜ್ವಾಳದ ರೊಟ್ಟಿ ಕೇಳಿದ.